ಅಗಸ್ತ್ಯ ಪುರಾಣಕ್ಕೆ ಮಂಗಳವಾಗದೆ ಉಳಿದ ಬಗ್ಗೆ

ಮಾನ್ಯ ಓದುಗ ಮಹಾಶಯರಲ್ಲಿ ಕೈಜೋಡಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ರಾಯಚೂರಿನ ಒಂದು ಕಚೇರಿಯ ನಕಲು ವಿಭಾಗದಲ್ಲಿ ಗುಮಾಸ್ತನಾಗಿರುವವನು. ಇಷ್ಟು ವರ್ಷ ಬೇರೆಯವರು ಬರೆದದ್ದನ್ನು ನೋಡಿ ಬರೆದಿದ್ದೇನೆಯೇ ಹೊರತು ಸ್ವಂತವಾಗಿ ಒಂದು ಸಾಲನ್ನೂ ಬರೆದವನಲ್ಲ. ಎದುರಿಗೆ ಮೂಲ ಪ್ರತಿ ಇಲ್ಲದೆ ಲೇಖನಿ ಹಿಡಿದಿರುವುದು ಇದೇ ಮೊದಲು. ಆದಕಾರಣ ಅಕ್ಷರಗಳು ಕೋಳಿ ಕೆದರಿದಂತೆ ಕಂಡರೆ, ಒತ್ತು ಬರಬೇಕಾದಲ್ಲಿ ಬಾರದೆ ಬರಬಾರದಲ್ಲಿ ಬಂದಿದ್ದರೆ, ದೊಡ್ಡ ಮನಸ್ಸಿನಿಂದ ಮನ್ನಿಸಬೇಕಾಗಿ ಪ್ರಾರ್ಥನೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಸೋದರಮಾವನವರು ಹನ್ನೊಂದು ಜನ ಸಂಸಾರಸ್ಥರನ್ನು, ಒಂದು ಮಂತ್ರ ಹೇಳದೆ, ಒಂದು ಶಾಪ ಕೊಡದೆ, ಸುಮಾರು ಏಳೆಂಟು ತಿಂಗಳ ಕಾಲ ಋಷಿಗಳನ್ನಾಗಿ ಮಾಡಿದ್ದರು! ಇದನ್ನು ಯಾರೂ ದೂರು ಎಂದು ಭಾವಿಸಬಾರದು. ದೂರುಗಳನ್ನೆಲ್ಲ ಆ ಕಾಲದಲ್ಲಿಯೇ ಕೊಟ್ಟು, ಕೊಟ್ಟು, ದಣಿದು ಬಿಟ್ಟಿದ್ದೇನೆ. ಈಗ ಉಳಿದಿರುವುದು ನಡೆದದ್ದನ್ನು ನಡೆದಂತೆ ನಿವೇದಿಸುವುದಷ್ಟೆ.

ಸದರಿ ಮಾವನವರು ದೇವದುರ್ಗದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದರು. ಯಾವ ಬಸ್ಸು ಎಷ್ಟು ಗಂಟೆಗೆ ಹೋಯಿತು, ಎಷ್ಟು ಗಂಟೆಗೆ ತಿರುಗಿ ಬಂತು ಎಂದು ಬರೆದುಕೊಂಡು ಸೀಟಿ ಊದುವುದು ಅವರ ಕೆಲಸ. ಸೀಟಿ ಊದಿದ ಮೇಲೆ ಕಂಟ್ರೋಲರನ ಜವಾಬ್ದಾರಿ ಮುಗಿಯಿತೆಂದು ತಾವು ತಿಳಿಯುತ್ತೀರಿ. ಜಗತ್ತಿನ ಉಳಿದ ಕಂಟ್ರೋಲರುಗಳೂ ಹಾಗೆಯೇ ತಿಳಿದಿದ್ದಾರೆ. ನಮ್ಮ ಮಾವನವರಿಗೆ ಮಾತ್ರ ಆಗಲೇ ಚಿಂತೆ ಶುರು! ಬೆಳಿಗ್ಗೆ ಹೋದ ಬಸ್ಸುಗಳೆಲ್ಲ ತಿರುಗಿ ಬಂದ ಹೊರತು ಅವರು ಊಟಕ್ಕೆ ಏಳುತ್ತಿರಲಿಲ್ಲ. ಮಾನವಿಯ ಬಸ್ಸು ದಾರಿಯಲ್ಲಿ ಪಂಕ್ಚರ್ ಆಯಿತೆಂದರೆ ಅಂದು ಮಾವನವರಿಗೆ ಏಕಾದಶಿ! "ಅಲ್ರೀ ಕಂಟ್ರೋಲರ್ ಸಾಹೇಬ್ರ, ಬಸ್ಸೇನು ನಿಮ್ಮ ಮನಿ ಎಮ್ಮೇನು, ಸಂಜಿಗೆ ಹಟ್ಟಿಗಿ ಬರಲಿಲ್ಲಂತ ಅಳಾಕ?" ಎಂದು ಚಹದಂಗಡಿಯವನು ಕೇಳಿದರೆ, "ಎಮ್ಮಿಗೆ ದಾರಿ ಗೊತ್ತಿರ್ತದಲೇ. ಬಸ್ಸಿಗೇನು ಗೊತ್ತದ?" ಎಂದು ಗದರುತ್ತಿದ್ದರು.

ಇಂಥವರು ಶ್ರಾವಣ ಮಾಸ ಬಂತೆಂದರೆ ರಜೆ ಹಾಕಿ, ಸೀಟಿಯನ್ನು ಗೂಟಕ್ಕೆ ತೂಗುಹಾಕಿ, ಊರೂರಿಗೆ ಪುರಾಣ ಹೇಳಲು ಹೊರಡುತ್ತಿದ್ದರು. ಕೈಯಲ್ಲಿ ಪುಸ್ತಕವಿಲ್ಲ, ಜೊತೆಗೆ ಹಾರ್ಮೋನಿಯಮ್ ಇಲ್ಲ. ಹೇಳುವುದು ಒಬ್ಬರೇ ಋಷಿಯ ಕತೆ, ಅಗಸ್ತ್ಯರದು. ಅಗಸ್ತ್ಯರು ಕುಳ್ಳರೆಂದು ಪ್ರತೀತಿ. ನಮ್ಮ ಮಾವನವರು ಬಸ್ಸಿನೊಳಗೆ ನೆಟ್ಟಗೆ ನಿಂತರೆ ತಲೆ ಮೇಲಕ್ಕೆ ತಾಗುವಷ್ಟು ಎತ್ತರ. "ಕುಳ್ಳ ಋಷಿ ಕತಿ ಹೇಳಾಕ ತಾಳಿಮರ ಬಂತು ನೋಡ್ರಿ" ಎಂದು ನಮ್ಮ ತಾಯಿಯವರೇ ನಗುತ್ತಿದ್ದರು. ಅವರು ಮಾವನವರ ಅಕ್ಕ. ನಗುವ ಅಧಿಕಾರ ಅವರಿಗಿತ್ತು.

"ಮಾವಾ, ಬ್ಯಾರೆ ಋಷಿಗಳು ಇಲ್ಲೇನು?" ಎಂದು ಒಮ್ಮೆ ನಾನು ಕೇಳಿದ್ದುಂಟು.

"ಅದಾರ. ದೂರ್ವಾಸ ಅದಾನ, ಬರೀ ಸಿಟ್ಟು. ವಿಶ್ವಾಮಿತ್ರ ಅದಾನ, ಬರೀ ಹಟ. ನಮ್ಮ ಅಗಸ್ತ್ಯನ್ನ ನೋಡು, ಹೇಳಿದ ಕೆಲಸ ಮಾಡೋ ಮನಶ್ಯಾ. ಸಮುದ್ರ ಕುಡಿ ಅಂದ್ರು, ಕುಡದ. ರಾಕ್ಷಸನ್ನ ಅರಗಿಸಿಕೋ ಅಂದ್ರು, ಅರಗಿಸಿಕೊಂಡ. ದಕ್ಷಿಣಕ್ಕ ಹೋಗು ಅಂದ್ರು. ಬಸ್ಸಿಲ್ಲ, ಟಾಂಗಾ ಇಲ್ಲ, ಹೇಣ್ತಿ ಕರಕೊಂಡು ನಡಕೊಂತ ಬಂದ!"

ಇದು ಒಪ್ಪತಕ್ಕ ಮಾತು. ನಮ್ಮ ಕಚೇರಿಯಲ್ಲಿ ಪಕ್ಕದ ತಾಲ್ಲೂಕಿಗೆ ವರ್ಗವಾದರೂ ಸೊಂಟನೋವಿನ ಸರ್ಟಿಫಿಕೇಟು ತರುವವರಿದ್ದಾರೆ. ವಿಂಧ್ಯದ ಆಚೆಯಿಂದ ಈಚೆಗೆ ವರ್ಗವಾದರೂ ತುಟಿ ಪಿಟಕ್ಕೆನ್ನದ ಅಧಿಕಾರಿ ಅಗಸ್ತ್ಯರೊಬ್ಬರೇ.

ಕತೆ ಹೇಳುವುದರಲ್ಲಿ ಮಾವನವರಿಗೆ ಸಮನಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸತಕ್ಕದ್ದು. ಮಟಮಾರಿಯಲ್ಲಿ ಒಂದು ವರ್ಷ, ಅಗಸ್ತ್ಯರು ಸಮುದ್ರವನ್ನು ಅಂಗೈಯಲ್ಲಿ ಹಿಡಿದು ಆಪೋಶನ ಮಾಡಿದ ಪ್ರಸಂಗವನ್ನು ಎಷ್ಟು ರಸವತ್ತಾಗಿ ಹೇಳಿದರೆಂದರೆ, ಕೇಳುವವರ ಗಂಟಲೇ ಒಣಗಿತು. ಮುಂದೆ ಕುಳಿತಿದ್ದ ಒಬ್ಬ ಮುದುಕರು ಮಾತ್ರ ಅಲುಗಲಿಲ್ಲ. "ಏನ್ರೀ ಯಜಮಾನ್ರ, ನಿಮಗ ಆಶ್ಚರ್ಯ ಅನ್ನಸಲಿಲ್ಲೇನು?" ಎಂದು ಮಾವನವರು ಕೇಳಿದರು. "ಎದರದು ಆಶ್ಚರ್ಯರೀ? ಐವತ್ತು ವರ್ಷ ಆತು, ನಮ್ಮೂರ ಬಾವಿ ನೀರು ಕುಡದು ಬದಕೀನಿ. ಆ ಉಪ್ಪಿನ ಮುಂದ ಸಮುದ್ರ ಯಾವ ಲೆಕ್ಕ!" ಎಂದರು ಮುದುಕರು. ಅಂದು ಅಗಸ್ತ್ಯರಿಗಿಂತ ಹೆಚ್ಚು ಚಪ್ಪಾಳೆ ಅವರಿಗೇ ಬಿತ್ತು.

ಆದರೆ ಮಾವನವರಲ್ಲಿ ಒಂದು ದೋಷವಿತ್ತು. ಅವರು ಪುರಾಣವನ್ನು ಎಂದೂ ಮುಗಿಸುತ್ತಿರಲಿಲ್ಲ. ಕೊನೆಯ ಪ್ರಸಂಗ ವಿಂಧ್ಯ ಪರ್ವತದ್ದು. ತಮಗೆ ತಿಳಿದದ್ದೇ ಇದೆ: ವಿಂಧ್ಯವು ಸೊಕ್ಕಿನಿಂದ ಸೂರ್ಯನ ದಾರಿಗೇ ಅಡ್ಡವಾಗಿ ಬೆಳೆಯಿತು, ದೇವತೆಗಳು ಅಗಸ್ತ್ಯರ ಕಾಲು ಹಿಡಿದರು, ಅಗಸ್ತ್ಯರು ದಕ್ಷಿಣಕ್ಕೆ ಹೊರಟು ಬಂದಾಗ ಬೆಟ್ಟವು ಬಗ್ಗಿ ನಮಸ್ಕರಿಸಿತು, "ನಾನು ತಿರುಗಿ ಬರುವವರೆಗೆ ಹೀಗೆಯೇ ಇರು" ಎಂದು ಹೇಳಿ ಅಗಸ್ತ್ಯರು ದಾಟಿ ಹೋದರು, ಮತ್ತೆ ತಿರುಗಿ ಬರಲಿಲ್ಲ. ಬೆಟ್ಟ ಇಂದಿಗೂ ಬಗ್ಗಿಯೇ ಇದೆ. ಇಷ್ಟು ಹೇಳಿ ಆರತಿ ಎತ್ತಿದರೆ ಮಂಗಳ. ಒಂದು ಸಾಲಿನ ಕೆಲಸ!

ಆ ಒಂದು ಸಾಲು ಅವರ ಬಾಯಿಂದ ಹೊರಡುತ್ತಿರಲಿಲ್ಲ. "ಹಿಂಗೇ ಇರು ಅಂದ. ಅಂದು ಹೋದ. ಹೋದ... ಹೋದ..." ಎನ್ನುವರು. ಆಮೇಲೆ ಅವರಿಗೆ ಒಮ್ಮೆ ಕೆಮ್ಮು, ಒಮ್ಮೆ ಹಲ್ಲುನೋವು. ದೇವಸುಗೂರಿನಲ್ಲಿ ಒಮ್ಮೆ, ಬಸ್ಸಿಗೆ ಹೊತ್ತಾಯಿತೆಂದು ಎದ್ದೇ ಹೋದರು. ಆ ದಿನದ ಕೊನೆಯ ಬಸ್ಸು ಹೋಗಿ ಒಂದು ತಾಸಾಗಿತ್ತು! ಪ್ರತಿ ಊರಿನಲ್ಲಿಯೂ ಮಠದ ಅಯ್ಯನವರು ತಾವೇ ಎದ್ದು, "ಬರಲಿಲ್ಲಂತ್ರೀ, ಮಂಗಳ" ಎಂದು ಆರತಿ ಎತ್ತಿ ಜನರನ್ನು ಊಟಕ್ಕೆ ಎಬ್ಬಿಸುತ್ತಿದ್ದರು. ಹೀಗೆ ಹೇಗೋ ಸಾಗಿತ್ತು.

ಸಾಗದೆ ಹೋದದ್ದು ಮಲ್ಲಟದಲ್ಲಿ. ನನ್ನ ಹಣೆಬರಹ ನೋಡಿರಿ, ಆ ವರ್ಷವೇ ಮಲ್ಲಟದ ಕುರಿ, ಹೊಲ ಎರಡೂ ಇದ್ದ ಮನೆತನದ ಕನ್ಯೆಯೊಂದಿಗೆ ನನಗೆ ಸಂಬಂಧ ಗೊತ್ತಾಗಿತ್ತು. ಸಂಬಂಧ ತಂದವರು ಇದೇ ಮಾವನವರು. ನಿಶ್ಚಯದ ಸಕ್ಕರೆ ಹಂಚಿದ ಖುಷಿಯಲ್ಲಿ ಬೀಗರು, ಅಂದರೆ ಕನ್ಯೆಯ ತಂದೆ, "ಈ ಶ್ರಾವಣಕ್ಕ ನಮ್ಮೂರಾಗ ನೀವೇ ಪುರಾಣ ಹಚ್ಚಬೇಕ್ರಿ" ಎಂದು ವೀಳ್ಯ ಕೊಟ್ಟರು.

ಮಲ್ಲಟದ ಆ ಓಣಿಯ ಪದ್ಧತಿ ಬೇರೆಯಾಗಿತ್ತು. ಪುರಾಣ ಹಚ್ಚಿದ ದಿನ ಹನ್ನೊಂದು ಮನೆಯ ಯಜಮಾನರು, ಹೇಳುವವರ ಕೈಯಿಂದಲೇ ಬಲಗೈಗೆ ಅರಿಶಿನದ ದಾರದ ಕಂಕಣ ಕಟ್ಟಿಸಿಕೊಳ್ಳುತ್ತಾರೆ. ಮಂಗಳವಾಗುವವರೆಗೆ ಅವರಿಗೆ ಕ್ಷೌರವಿಲ್ಲ, ಮಾಂಸವಿಲ್ಲ, ಅವರ ಮನೆಯಲ್ಲಿ ಮದುವೆಯಿಲ್ಲ. ಕಂಕಣವನ್ನು ಕಟ್ಟಿದವರೇ ಬಿಚ್ಚಬೇಕು. ಅಯ್ಯನವರಾಗಲಿ, ಊರ ಗೌಡರಾಗಲಿ ಮುಟ್ಟುವಂತಿಲ್ಲ. ಹನ್ನೊಂದರಲ್ಲಿ ಮೊದಲ ಕಂಕಣ ನಮ್ಮ ಬೀಗರದು.

ಪುರಾಣ ಬಹಳ ಚೆನ್ನಾಗಿ ನಡೆಯಿತು. ವಾತಾಪಿ ಎಂಬ ರಾಕ್ಷಸನು ಟಗರಾಗಿ, ಅವನ ಅಣ್ಣ ಅದನ್ನು ಕೊಯ್ದು ಅಡಿಗೆ ಮಾಡಿ ಅಗಸ್ತ್ಯರಿಗೆ ಬಡಿಸಿದ ಪ್ರಸಂಗ ಬಂದಾಗ ಮಾತ್ರ ಸಣ್ಣ ಗದ್ದಲವಾಯಿತು. ಬೀಗರ ತಾಯಿ, ಜೀವಮಾನವೆಲ್ಲ ಕುರಿ ಕಾಯ್ದ ಮುದುಕಿ, ನಡುವೆ ಬಾಯಿ ಹಾಕಿದರು.

"ಟಗರು ಎರಡು ಹಲ್ಲಿಂದೋ, ನಾಕು ಹಲ್ಲಿಂದೋ?"

"ಯವ್ವಾ, ಅದು ರಾಕ್ಷಸ ಬೇ!"

"ರಾಕ್ಷಸ ಇದ್ರೇನು, ಹಲ್ಲು ಇರಂಗಿಲ್ಲೇನು? ನಾಕು ಹಲ್ಲಿಂದಾದ್ರ ಬಲತಿರ್ತದ, ಬೇಯಾಕ ಹೊತ್ತಾಕ್ಕದ. ಋಷಿ ಹಸಗೊಂಡು ಕುಂತಿರ್ತಾನ."

ಶ್ರಾವಣದ ವ್ರತದಲ್ಲಿ ಕುಳಿತಿದ್ದ ಹನ್ನೊಂದು ಜನ ಯಜಮಾನರೂ ಒಮ್ಮೆಲೇ ಎಂಜಲು ನುಂಗಿದರು. "ಮಂಗಳ ಆಗೂತನಕ ಈ ಪ್ರಸಂಗ ಇನ್ನೊಮ್ಮೆ ಹೇಳಬ್ಯಾಡ್ರಪೋ" ಎಂದು ಒಬ್ಬರು ಕೈ ಮುಗಿದರು.

ಕೊನೆಯ ದಿನ ಕಡಾಯಿಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಮಾವನವರು ವಿಂಧ್ಯಕ್ಕೆ ಬಂದರು. "ಹೋದ... ಹೋದ..." ಎಂದರು. ಟವಲಿನಿಂದ ಮುಖ ಒರೆಸಿಕೊಂಡು ಎದ್ದರು. "ಇಲ್ಲೇ ಬಂದೆ. ನಾ ಬರೂತನಕ ನೀವು ಹಿಂಗೇ ಇರ್ರಿ" ಎಂದವರು ನಾಲ್ಕು ಗಂಟೆಯ ಬಸ್ಸು ಹತ್ತಿ ದೇವದುರ್ಗ ಸೇರಿದರು! ಹುಗ್ಗಿ ಬೆಂದಿತ್ತಾದ್ದರಿಂದ ಜನ ಉಂಡರು. ಕಂಕಣ ಹಾಗೆಯೇ ಉಳಿಯಿತು. ಇವರು ಪುರಾಣ ಹೇಳಿದರೋ, ಮಾಡಿ ತೋರಿಸಿದರೋ, ತಾವೇ ತೀರ್ಮಾನಿಸಬೇಕು.

ಮಹಾನವಮಿ ಹೋಯಿತು, ದೀಪಾವಳಿ ಹೋಯಿತು. ಹನ್ನೊಂದು ಗಡ್ಡಗಳು ಎದೆಗಿಳಿದವು. ಕೊನೆಗೆ ಹನ್ನೊಂದು ಜನರೂ ಸೇರಿ ದೇವದುರ್ಗಕ್ಕೇ ಬಂದಿಳಿದರು. ಬಿಳಿ ಪಂಚೆ, ಹೆಗಲ ಮೇಲೆ ಕಂಬಳಿ, ಸಾಲಾಗಿ ಹನ್ನೊಂದು ಗಡ್ಡ! ನಿಲ್ದಾಣದಲ್ಲಿದ್ದ ಹೆಣ್ಣುಮಕ್ಕಳು ಸೆರಗು ಹೊದ್ದು ಕಾಲಿಗೆ ಬಿದ್ದರು. ಒಬ್ಬಳು ಕೂಸನ್ನು ತಂದು ನಮ್ಮ ಬೀಗರ ಪಾದದ ಬಳಿ ಮಲಗಿಸಿ, "ಯಪ್ಪಾ, ರಾತ್ರೆಲ್ಲಾ ಅಳ್ತದ, ಏನಾರ ಹೇಳ್ರಿ" ಎಂದಳು. "ನಂದೂ ಅದೇ ಪಾಡವ್ವಾ" ಎಂದರಂತೆ ಬೀಗರು.

ಮಾವನವರು ಕಿಟಕಿಯಿಂದ ಇದನ್ನು ಕಂಡರು. ಹೊರಗೆ ಬಂದು, ಅತ್ಯಂತ ವಿನಯದಿಂದ, "ಬರ್ರಿ ಬರ್ರಿ, ಜಾಗ ಹಿಡೀರಿ, ಸೀಟು ಸಿಗಂಗಿಲ್ಲ" ಎಂದು ಹನ್ನೊಂದು ಜನರನ್ನೂ ನಿಂತಿದ್ದ ಬಸ್ಸಿಗೆ ಹತ್ತಿಸಿ ಸೀಟಿ ಊದಿದರು. ಅದು ಮಲ್ಲಟದ ಕಡೆಗೇ ಹೋಗುವ ಬಸ್ಸು. ಹೊರಡಲು ಇನ್ನೂ ಹತ್ತು ನಿಮಿಷ ಬಾಕಿಯಿತ್ತು!

ನನ್ನ ಅವಸ್ಥೆಯನ್ನು ಏನೆಂದು ಬಣ್ಣಿಸಲಿ? ಆರು ದಿನ ಕಚೇರಿ. ಭಾನುವಾರ ಬಂತೆಂದರೆ ರಾಯಚೂರಿನಿಂದ ಮಾನವಿ, ಮಾನವಿಯಿಂದ ಮಲ್ಲಟ, ಅಲ್ಲಿ ಬೀಗರ ಗಡ್ಡಕ್ಕೆ ಸಮಾಧಾನ ಹೇಳಿ ಮುಂದೆ ದೇವದುರ್ಗ, ಅಲ್ಲಿ ಮಾವನವರ ಕಾಲು ಹಿಡಿದು ತಿರುಗಿ ರಾಯಚೂರು. ಧೂಳಿನಲ್ಲಿ ನನ್ನ ಬಿಳಿ ಅಂಗಿಗಳೆಲ್ಲ ಎರೆಹೊಲದ ಬಣ್ಣಕ್ಕೆ ತಿರುಗಿದವು. ಬಾಯಿಮಾತಿನಿಂದ ಆಗದೆಂದು ಲಿಖಿತವಾಗಿಯೂ ಅರ್ಜಿ ಸಲ್ಲಿಸಿದೆ: "ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಪುರಾಣವನ್ನು ಕೂಡಲೇ ಮುಕ್ತಾಯಗೊಳಿಸಿ, ಅರ್ಜಿದಾರನ ವಿವಾಹಕ್ಕೆ ಅನುವು ಮಾಡಿಕೊಡಬೇಕಾಗಿ ವಿನಂತಿ." ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದ ಅರ್ಜಿ ಅದೇ ಕಂಡಕ್ಟರನ ಕೈಯಲ್ಲಿ ತಿರುಗಿ ಬಂತು. ಹಿಂದೆ ಮಾವನವರ ಕೈಬರಹದಲ್ಲಿ ಒಂದೇ ಶಬ್ದ: "ಪರಿಶೀಲನೆಯಲ್ಲಿದೆ."

ಮಾಘ ಮಾಸದಲ್ಲಿ ಪರಿಸ್ಥಿತಿ ಬಿಗಡಾಯಿಸಿತು. ಕನ್ಯೆಯ ಸೋದರಮಾವನಿಗೆ ಒಬ್ಬ ಮಗನಿದ್ದ. "ಯುಗಾದಿಯೊಳಗ ಮಂಗಳ ಆಗದಿದ್ರ ಹುಡುಗೀನ್ನ ನನ್ನ ಮಗಗ ತಂದ್ಕೋತೀನಿ. ಅಪ್ಪನ ಕೈಗೆ ಕಂಕಣ ಇದ್ರ ಇರಲಿ. ಧಾರಿ ನಾ ಎರೀತೀನಿ. ನನ್ನ ಕೈ ಖಾಲಿ ಅದ" ಎಂದು ಆತ ಓಣಿಯಲ್ಲಿ ನಿಂತು ಹೇಳಿದನು. ಅಂದಿನ ಭಾನುವಾರ ನಾನು ಹೋದಾಗ, ಆಕೆ ತಾನೇ ಬಾಗಿಲಿಗೆ ಬಂದು ನೀರಿನ ತಂಬಿಗೆ ಕೊಟ್ಟಳು. ಅದೇ ನಮ್ಮ ಮೊದಲ ಮಾತುಕತೆ.

"ನಿಮ್ಮ ಮಾವಗ ಹೇಳ್ರಿ, ನಾವೇನು ವಿಂಧ್ಯ ಪರ್ವತ ಅಲ್ಲ. ಯುಗಾದಿ ಅಂದ್ರ ಇನ್ನ ನಲವತ್ತು ದಿನ."

ನಾನು ತಡವರಿಸುತ್ತ, "ತಮಗೆ... ಆ ಕಡಿ ಮನಸ್ಸದೇನ್ರಿ?" ಎಂದು ಕೇಳಿದೆ.

"ಮನಸ್ಸಿದ್ರ ನಿಮಗ್ಯಾಕ ನೀರು ಕೊಡ್ತಿದ್ದೆ? ಕುಡೀರಿ ಮೊದಲ. ಮಾರಿ ನೋಡ್ರಿ, ಒಣಗಿದ ಬದ್ನೀಕಾಯಿ ಆಗೇದ."

ಆ ಸಂಜೆ ರಾಯಚೂರಿಗೆ ಬಂದವನೇ ಮಾವನವರನ್ನು ಬಾಯಿಗೆ ಬಂದಂತೆ ಬೈದೆ. ನಮ್ಮ ತಾಯಿಯವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನ ಬೈಗುಳ ಮುಗಿದ ಮೇಲೆ ಮೊರವನ್ನು ಕೆಳಗಿಟ್ಟರು.

"ನಿಮ್ಮತ್ತಿ, ಅಂವನ ಹೇಣ್ತಿ, ನೆನಪದೇನಲೇ ನಿನಗ? ಎಲ್ಲಿ ನೆನಪಿರ್ತದ, ನೀ ನಡಿಯಾಕ ಕಲ್ತಿದ್ದಿ ಅಷ್ಟ. ದಿನ ತುಂಬಿದಾಕಿನ್ನ ರಾಯಚೂರು ದವಾಖಾನಿಗೆ ತೋರ್ಸಬೇಕಂತ ಅಂವನೇ ಬಸ್ಸು ಹತ್ತಿಸಿದ. ಜತಿಗೆ ನಾ ಇದ್ದೆ. 'ನೀ ನಡಿ, ಹಿಂದಿನ ಬಸ್ಸಿಗೆ ಬಂದೆ. ನಾ ಬರೂತನಕ ಹಿಂಗೇ ಧೈರ್ಯ ಇರು' ಅಂದ. ಅಂದು ಸೀಟಿ ಊದಿದ. ಅವತ್ತ ಇನ್ನೊಬ್ಬ ಕಂಟ್ರೋಲರ್ ಬರಲಿಲ್ಲ. ಇದೊಂದು ಬಸ್ಸು ಕಳಿಸಿ ಹೋಗ್ತೀನಿ, ಇದೊಂದು ಕಳಿಸಿ ಹೋಗ್ತೀನಿ ಅಂತ ನಿಂತ. ಇಲ್ಲಿ ಅಕಿ ರಸ್ತೇದಾಗ ಹಾರನ್ ಆದಾಗೊಮ್ಮಿ 'ಅಕ್ಕಾ, ಬಂದ್ರೇನು?' ಅಂತಿದ್ದಳು. ನಾ 'ಬಂದಾ ತಡಿ' ಅಂತಿದ್ದೆ. ಸಂಜಿಗೆ ಬಂದ. ಕೇಳಾಕಿನೂ ಇರಲಿಲ್ಲ, ಕೂಸೂ ಇರಲಿಲ್ಲ."

ತಾಯಿಯವರು ಮೊರವನ್ನು ಮತ್ತೆ ತೊಡೆಯ ಮೇಲೆ ತೆಗೆದುಕೊಂಡರು. "ಹೂಂ, ಈಗ ಬೈ. ಬೈಯಾಕ ಬಂದ್ರ ಬೈ."

ನನಗೆ ಬೈಯಲು ಬರಲಿಲ್ಲ. ಮುಂದಿನ ನಾಲ್ಕು ಭಾನುವಾರ ನಾನು ದೇವದುರ್ಗಕ್ಕೆ ಹೋಗಲೂ ಇಲ್ಲ. ಯುಗಾದಿಗೆ ಐದು ದಿನವಿರುವಾಗ ಹೋಗಿ, ನಿಲ್ದಾಣದ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕುಳಿತೆ.

"ಮಾವಾ, ಕತಿ ಮುಗಿಸೋದು ಬ್ಯಾಡ ಬಿಡು. ಬಂದು ಬರೇ ಕಂಕಣ ಬಿಚ್ಚಿ ಹೋಗು."

"ಕತಿ ಮುಗಿಸದ ಕಂಕಣ ಬಿಚ್ಚಿದ್ರ ಕಳ್ಳತನ ಆಕ್ಕದಲೇ." ಅವರು ನನ್ನ ಮುಖವನ್ನು ತಿರುತಿರುಗಿ ನೋಡಿದರು. "ಯಾಕಿಷ್ಟು ಸೊರಗೀದಿ?"

"ಏನಿಲ್ಲ. ದಣಿವಾಗೇದ."

"ನಮ್ಮಕ್ಕ ಏನರ ಹೇಳಿದಳೇನು?"

ನಾನು ಹೌದೆಂದು ತಲೆಯಾಡಿಸಿದೆ. ಮಾವನವರು ಕೊರಳಿನ ಸೀಟಿಯನ್ನು ತೆಗೆದು ಚಹದಂಗಡಿಯವನ ಕೈಯಲ್ಲಿಟ್ಟು, "ಇನ್ನೊಬ್ಬಾವ ಬರೂತನಕ ನೀ ಊದು" ಎಂದು ಹೇಳಿ ನನ್ನೊಡನೆ ಬಸ್ಸು ಹತ್ತಿದರು. ಅಂದು ದೇವದುರ್ಗದ ಬಸ್ಸುಗಳು ಚಹದಂಗಡಿಯವನ ಅಪ್ಪಣೆಯಂತೆ ಓಡಿದವು. ಯಾವ ಅನಾಹುತವೂ ಆಗಲಿಲ್ಲವೆಂದು ತಿಳಿದುಬಂದಿದೆ.

ಮಲ್ಲಟದಲ್ಲಿ ಸುದ್ದಿ ನಮಗಿಂತ ಮೊದಲೇ ಇಳಿದಿತ್ತು. ಗುಡಿಯ ಮುಂದಿನ ಬೇವಿನ ಕೆಳಗೆ ಹನ್ನೊಂದು ಗಡ್ಡಗಳು ಸಾಲಾಗಿ ಕುಳಿತವು. ಕ್ಷೌರಿಕನು ಪೆಟ್ಟಿಗೆ ತೆರೆದು ಕತ್ತಿ ಮಸೆಯಲಿಕ್ಕೇ ಶುರುಮಾಡಿದ್ದನು. ಕನ್ಯೆಯ ಸೋದರಮಾವನೂ ಕಟ್ಟೆಯ ತುದಿಗೆ ಕುಳಿತು, ಎಲೆ ಮಡಚುತ್ತ ನೋಡುತ್ತಿದ್ದನು. ಮಾವನವರು ವಿಂಧ್ಯದ ಪ್ರಸಂಗವನ್ನು ಮೊದಲಿನಿಂದ ಎತ್ತಿಕೊಂಡರು. ಬೆಟ್ಟ ಬೆಳೆಯಿತು, ಸೂರ್ಯ ತಡೆದು ನಿಂತ, ಅಗಸ್ತ್ಯರು ಬಂದರು, ಬೆಟ್ಟ ಬಗ್ಗಿತು.

"ನಾ ಬರೂತನಕ ಹಿಂಗೇ ಇರು ಅಂದ. ಹೋದ. ಹೋದ..."

ಕತ್ತಿ ಮಸೆಯುವ ಸಪ್ಪಳ ನಿಂತಿತು. ಯಾರೋ ನೀರು ಕೊಟ್ಟರು, ಕುಡಿದರು. "ಹೋದ..." ಎಂದರು. ಕಣ್ಣು ಬಸ್ಸು ಬರುವ ದಾರಿಯ ಕಡೆಗೆ ಹೊರಳಿತು. ಅವರ ಕೈ ಟವಲಿಗೆ ಹೋದದ್ದನ್ನು ಕಂಡು, ನನ್ನ ಮದುವೆ ಅಲ್ಲಿಗೆ ಮುಗಿಯಿತೆಂದು ನಾನು ಕಣ್ಣು ಮುಚ್ಚಿಕೊಂಡೆ.

"ಯಾಕೋ ತಮ್ಮಾ, ಯಾಕ ನಿಂತಿ?" ಎಂದರು ಬೀಗರ ತಾಯಿ.

"ಹೆಂಗ ಹೇಳ್ಲಿ ಯವ್ವಾ? ಬೆಟ್ಟ ಇನ್ನೂ ಬಗ್ಗಿಕೊಂಡೇ ನಿಂತದ. ಬರ್ತಾನಂತ ಕಾಯಾಕತ್ತದ. ಅದರ ಮುಂದ ನಿಂತು ಬರಲಿಲ್ಲಂತ ನಾ ಹೆಂಗ ಹೇಳ್ಲಿ?"

"ನೀ ಯಾವತ್ತರ ಗುಡ್ಡದಾಗ ಕುರಿ ಕಾಯ್ದೀಯೇನು?"

"ಇಲ್ಲ ಬೇ."

"ಅದಕ್ಕ ಹಿಂಗ ಮಾತಾಡ್ತಿ. ನೆಟ್ಟಗ ನಿಂತ ಗುಡ್ಡದ ಮ್ಯಾಲ ಒಂದು ಕುರಿ ಏರಂಗಿಲ್ಲ. ಬಗ್ಗಿದ ಗುಡ್ಡ ಇರ್ತದಲ್ಲ, ಅಲ್ಲೇ ಮಣ್ಣು ನಿಲ್ತದ, ಅಲ್ಲೇ ಹುಲ್ಲು ಹುಟ್ತದ, ಅಲ್ಲೇ ಮರಿ ಮಲಗ್ತಾವ. ಅದು ಯಾರಿಗೂ ಕಾಯಾಕತ್ತಿಲ್ಲೋ ಹುಚ್ಚಪ್ಪಾ. ಅದಕ್ಕ ಕುರಿ ಅದಾವ."

ಮಾವನವರು ಮಕ್ಕಳು ಕೇಳುವಂಥ ಸಣ್ಣ ದನಿಯಲ್ಲಿ ಕೇಳಿದರು: "ಅದು ಅಂವಗ ಬೈಯಂಗಿಲ್ಲೇನು?"

"ಮರಿ ಮಲಗ್ಯಾವಲ್ಲೋ! ಬೈದ್ರ ಏಳಂಗಿಲ್ಲೇನು?"

ಯಾರೋ ಒಬ್ಬರು ನಕ್ಕರು. ಮಾವನವರು ನಗಲಿಲ್ಲ. ಟವಲಿನಿಂದ ಮುಖವನ್ನು ಮುಚ್ಚಿಕೊಂಡರು. ಟವಲು ತೆಗೆದಾಗ ಪುರಾಣ ಹೇಳುವ ದನಿಯಲ್ಲಿಯೇ ಹೇಳಿದರು: "ಹೋದ ಅಗಸ್ತ್ಯ ತಿರುಗಿ ಬರಲಿಲ್ಲ. ಬೆಟ್ಟ ಅವನ ಮ್ಯಾಲ ಸಿಟ್ಟಾಗಿಲ್ಲ. ಅದರ ಮ್ಯಾಲ ಕುರಿಮರಿ ಮಲಗ್ಯಾವ. ಮಂಗಳ."

ಆರತಿ ಎತ್ತಿದರು. ಹನ್ನೊಂದು ಕಂಕಣಗಳನ್ನೂ ಬಿಚ್ಚಿದರು. ಏಳೆಂಟು ತಿಂಗಳಿನ ಗಂಟು ಕಲ್ಲಾಗಿತ್ತು. ಕೆಲವನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಕನ್ಯೆಯ ಸೋದರಮಾವನೆಂಬವನು ಮಡಚಿದ ಎಲೆಯನ್ನು ಬಾಯಿಗೆ ಹಾಕಿಕೊಂಡು ಎದ್ದು ಹೋದನು. ಕ್ಷೌರಿಕನ ಕೆಲಸ ಮುಗಿದಾಗ ಹನ್ನೊಂದು ಜನರ ಮುಖವೂ ಅರ್ಧ ಕಪ್ಪು, ಅರ್ಧ ಬಿಳಿಯಾಗಿ ಗುರುತೇ ಸಿಗದಂತಾಗಿ, ನಾನು ಭಕ್ತಿಯಿಂದ ಬೇರೆ ಯಾರದೋ ಕಾಲಿಗೆ ಬಿದ್ದು "ಬೀಗರೇ" ಎಂದೆ. ಯುಗಾದಿಗೆ ಮೂರು ದಿನ ಮೊದಲೇ ನಮ್ಮ ಮದುವೆಯಾಯಿತು.

ಆಮೇಲಿನ ಶ್ರಾವಣಗಳಲ್ಲಿ ಮಾವನವರು ಎಲ್ಲಿ ಪುರಾಣ ಹೇಳಿದರೂ ಮುಗಿಸಿದರು. ಇದೇ ಮಾತುಗಳಿಂದ ಮುಗಿಸಿದರು. ಹೋದ ವರ್ಷ ಅವರು ತೀರಿಕೊಂಡರು. ಅವರು ಹೇಳುತ್ತಿದ್ದ ಪುರಾಣವನ್ನು ಅವರು ಹೇಳುತ್ತಿದ್ದಂತೆಯೇ ಬರೆದುಕೊಡಬೇಕೆಂದು ಮಲ್ಲಟದವರು ಕೇಳಿದರು. ನನಗೂ ನನ್ನ ಹೆಂಡತಿಗೂ ನೆನಪಿದ್ದಷ್ಟನ್ನು ಕೂಡಿಸಿ ಬರೆದೆ. ಶಾಸ್ತ್ರ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದಾಗ, ಅವರು ಕೊನೆಯ ಸಾಲಿಗೆ ಕೆಂಪು ಮಸಿಯಿಂದ ಸುತ್ತು ಹಾಕಿ, "ಇದು ಯಾವ ಗ್ರಂಥದಲ್ಲಿಯೂ ಇಲ್ಲ, ತೆಗೆಯತಕ್ಕದ್ದು" ಎಂದು ಅಂಚಿನಲ್ಲಿ ಬರೆದರು. ಅವರ ಮಾತು ನಿಜ. ಎಲ್ಲಿಯೂ ಇಲ್ಲ. ನಾನೂ ಹುಡುಕಿ ನೋಡಿದ್ದೇನೆ.

ಆದುದರಿಂದ ಮಹಾಶಯರಲ್ಲಿ ಕೊನೆಯ ವಿನಂತಿ. ಮೇಲಿನ ಬರಹದಲ್ಲಿ ಎಲ್ಲಿ ತಪ್ಪು ಕಂಡರೂ ಸಂಕೋಚವಿಲ್ಲದೆ ತಿದ್ದಿರಿ, ಉಪಕಾರವಾಗುತ್ತದೆ. ಆ ಸಾಲಿನ ಹತ್ತಿರ ಬಂದಾಗ ಮಾತ್ರ ಲೇಖನಿಯನ್ನು ಮೇಲಕ್ಕೆತ್ತಿ ಹಿಡಿದು, ಸಪ್ಪಳ ಮಾಡದೆ, ಪಕ್ಕದಿಂದ ಹಾದು ಹೋಗಬೇಕು. ಮರಿ ಮಲಗಿವೆ.